ಕೋಳಿಮರಿಯ ಮೇವಿನಲ್ಲಿ ಮನುಷ್ಯನ ಮದ್ದು

ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಸಾಗುವ ದಾರಿಯಲ್ಲಿ ಮಧುವನಹಳ್ಳಿ ಇದೆ. ರೇಷ್ಮೆಗೆ ಹೆಸರಾದ ಈ ಸೀಮೆಯ ಹಿತ್ತಿಲುಗಳಲ್ಲಿ ನಾಟಿಕೋಳಿಯೊಂದು ಮರಿಗಳನ್ನು ಹಿಂದಿಟ್ಟುಕೊಂಡು ತಿಪ್ಪೆ ಕೆದಕುವ ನೋಟ ಯಾರಿಗೂ ಹೊಸದಲ್ಲ. ತಾಯಿ ಕೆದಕಿದಲ್ಲಿ ಮರಿ ಕುಕ್ಕುತ್ತದೆ. ತಾಯಿಯ ಹಿಕ್ಕೆ ಬಿದ್ದ ನೆಲದಿಂದಲೇ ಕಾಳನ್ನು ಹೆಕ್ಕುತ್ತದೆ. ನೋಡುವವರಿಗೆ ಅದು ಬರಿಯ ಕೊಳಕು. ಆದರೆ ಆ ಕೊಳಕಿನಲ್ಲೊಂದು ಗುಟ್ಟಿದೆ. ಪಟ್ಟಣದ ಮನೆಯಲ್ಲಿ ಜ್ವರದಿಂದ ಮಲಗಿದ ಮಗುವಿಗೂ ಆ ಗುಟ್ಟಿಗೂ ನಂಟಿದೆಯೆಂದರೆ ಯಾರಿಗಾದರೂ ಆಶ್ಚರ್ಯವಾದೀತು.

ಚರಟದಿಂದ ಬಂದ ಲಾಭ

1948ರಲ್ಲಿ ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಔಷಧ ಬೆಳಕಿಗೆ ಬಂದಿತು. ಅದು ಹೊರಬಂದದ್ದು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಿಂದ. ಅಲ್ಲಿ ಸಂಶೋಧನೆಯ ನಿರ್ದೇಶಕರಾಗಿದ್ದವರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಸಂಸ್ಥೆಯ ಜೂಕ್ಸ್ ಮತ್ತು ಸ್ಟೋಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಜೀವಸತ್ವವೊಂದನ್ನು ಹುಡುಕುತ್ತ, ಔಷಧದ ತಯಾರಿಕೆಯಲ್ಲಿ ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಮರಿಗಳು ಎಣಿಕೆಗೆ ಮೀರಿ ಬೆಳೆದವು! 1950ರಲ್ಲಿ ಸುದ್ದಿ ಹಬ್ಬಿತು. ಕೋಳಿ, ಹಂದಿ, ಕರುಗಳ ಮೇವಿಗೆ ಚಿಟಿಕೆ ಚಿಟಿಕೆಯಾಗಿ ಮದ್ದು ಬೆರೆಯತೊಡಗಿತು. ರೋಗಕ್ಕಲ್ಲ, ತೂಕಕ್ಕೆ.

ಚಿಟಿಕೆಯ ಕೇಡು

ಪೆನಿಸಿಲಿನ್ನಿನ ಜನಕರಾದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿಯೇ ಎಚ್ಚರಿಸಿದ್ದರು: ಸಾಲದಷ್ಟು ಮದ್ದು ಕೊಟ್ಟರೆ ರೋಗಾಣುಗಳು ಸಾಯವು, ಮದ್ದನ್ನೇ ತಾಳಿಕೊಳ್ಳಲು ಕಲಿಯುತ್ತವೆ. ಮೇವಿನಲ್ಲಿ ಆದದ್ದು ಅದೇ. ದುರ್ಬಲ ಅಣುಜೀವಿಗಳು ಅಳಿದು, ಮದ್ದಿಗೆ ಬಗ್ಗದವು ಉಳಿದು ವಂಶ ಬೆಳೆಸಿದವು. ಅಷ್ಟೇ ಅಲ್ಲ, ಆ ತಾಳಿಕೆಯ ಗುಣವನ್ನು ಬೇರೆ ಜಾತಿಯ ಅಣುಜೀವಿಗಳಿಗೂ ಹಂಚಿದವು. ಮಾಂಸ, ನೀರು, ಗೊಬ್ಬರ, ಸಾಕುವವರ ಕೈ ಇವೆಲ್ಲವೂ ಅವುಗಳಿಗೆ ದಾರಿಯೇ.

ಸ್ವೀಡನ್ ದೇಶವು 1986ರಲ್ಲಿ ಬೆಳವಣಿಗೆಗಾಗಿ ಮೇವಿಗೆ ಮದ್ದು ಬೆರೆಸುವುದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟವೆಲ್ಲ 2006ರ ಜನವರಿ 1ರಿಂದ ಅದೇ ಹಾದಿ ಹಿಡಿಯಿತು. ಬೇರೆಲ್ಲ ಔಷಧಗಳು ಸೋತಾಗ ವೈದ್ಯರು ಕೊನೆಯ ಆಸರೆಯಾಗಿ ಕೈಗೆತ್ತಿಕೊಳ್ಳುವ ಕೊಲಿಸ್ಟಿನ್ ಔಷಧವೂ ಮೇವಿಗೆ ಸೇರುತ್ತಿದ್ದುದನ್ನು ಕಂಡು, ಭಾರತ ಸರ್ಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡದಂತೆ ತಡೆಯಿತು.

ತಾಯಿಯಿಲ್ಲದ ಮರಿ

ಹಾಗಾದರೆ ಮದ್ದಿನ ಬದಲು ಏನು? ಇಲ್ಲಿಯೇ ಹಿತ್ತಿಲಿನ ಗುಟ್ಟು ನೆರವಿಗೆ ಬರುತ್ತದೆ. ಯಂತ್ರದ ಕಾವಿನಲ್ಲಿ ಒಡೆದ ಮೊಟ್ಟೆಯ ಮರಿ ತಾಯಿಯ ಮುಖವನ್ನೇ ಕಾಣದು. ಅದರ ಕರುಳು ಬರಿದಾದ ಛತ್ರದಂತೆ. ಮೊದಲು ಬಂದವರದೇ ಠಾವು. 1973ರಲ್ಲಿ ಫಿನ್‌ಲೆಂಡಿನ ನುರ್ಮಿ ಮತ್ತು ರಂಟಾಲ ಎಂಬ ವಿಜ್ಞಾನಿಗಳು ಬೆಳೆದ ಕೋಳಿಯ ಕರುಳಿನ ಅಣುಜೀವಿಗಳನ್ನು ಮರಿಗಳಿಗೆ ಉಣಿಸಿದರು. ಸಾಲ್ಮೊನೆಲ್ಲ ರೋಗಾಣು ಆ ಕರುಳಿನಲ್ಲಿ ನೆಲೆಯೂರಲು ಹೆಣಗಬೇಕಾಯಿತು. ಹಿತ್ತಿಲ ಕೋಳಿ ತನ್ನ ಮರಿಗೆ ಯಾರೂ ಹೇಳಿಕೊಡದೆ ಮಾಡುವ ಉಪಕಾರ ಇದೇ ಬಗೆಯದು.

ಮೊಸರನ್ನು ಹೆಪ್ಪುಗಟ್ಟಿಸುವ ಅಣುಜೀವಿಗಳ ಬಂಧುಗಳನ್ನು ಇಂದು ಈ ಕೆಲಸಕ್ಕೆ ಬಳಸುತ್ತಾರೆ. ಕರುಳಿನಲ್ಲಿ ಹುಳಿ ಹೆಚ್ಚಿಸಿ ರೋಗಾಣುಗಳನ್ನು ಹತ್ತಿಕ್ಕುವ ಆಮ್ಲಗಳುಂಟು. ಮೇವು ಚೆನ್ನಾಗಿ ಅರಗುವಂತೆ ಮಾಡುವ ಕಿಣ್ವಗಳುಂಟು. ದಾಲ್ಚಿನ್ನಿ, ಓಮದಂಥ ಸಾಂಬಾರ ಪದಾರ್ಥಗಳ ಎಣ್ಣೆಗಳೂ ಉಂಟು. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಯೊಂದು ಪಶುಗಳ ಪೋಷಣೆಯ ಅಧ್ಯಯನಕ್ಕೇ ಮೀಸಲಾಗಿದೆ.

ಆದರೆ ಇವಾವುವೂ ಮಾಯಾಮಂತ್ರವಲ್ಲ. ಡೆನ್ಮಾರ್ಕಿನಲ್ಲಿ ಮೇವಿನ ಮದ್ದನ್ನು ನಿಲ್ಲಿಸಿದಾಗ ಕೋಳಿಗಳಿಗೆ ಹೇಳುವಂಥ ತೊಂದರೆಯಾಗಲಿಲ್ಲ. ಹಾಲು ಬಿಟ್ಟ ಹಂದಿಮರಿಗಳಿಗೆ ಮಾತ್ರ ಭೇದಿ ಹೆಚ್ಚಿತು. ಒಣಗಿದ ಹಾಸು, ಶುದ್ಧ ನೀರು, ಸಾಕಷ್ಟು ಜಾಗ, ಕಾಲಕ್ಕೆ ಸರಿಯಾದ ಲಸಿಕೆ ಇವಿಲ್ಲದೆ ಯಾವ ಬದಲಿಯೂ ಫಲಿಸದು. ರೋಗ ಬಂದ ಪ್ರಾಣಿಗೆ ಪಶುವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಪ್ರಮಾಣದಲ್ಲಿ ಮದ್ದು ಕೊಡಲೇಬೇಕು. ಆ ಮದ್ದಿನ ಅಂಶ ಮೈಯಿಂದ ಇಳಿಯುವವರೆಗೆ ಹಾಲನ್ನಾಗಲಿ ಮೊಟ್ಟೆಯನ್ನಾಗಲಿ ಮಾರಬಾರದು.

ಈ ಎಚ್ಚರಕ್ಕೆ ಖರ್ಚು ತಗಲುತ್ತದೆ. ಮೊಟ್ಟೆಯ ಬೆಲೆಯಲ್ಲಿ ನಾಲ್ಕು ಕಾಸು ಉಳಿಸಿ, ಮಗುವಿನ ಜ್ವರಕ್ಕೆ ಮದ್ದೇ ನಾಟದಂತಾದರೆ ಉಳಿತಾಯವಾದದ್ದಾದರೂ ಏನು? ಔಷಧದ ಶಕ್ತಿ ಹಿರಿಯರಿಂದ ಬಂದ ಆಸ್ತಿಯಿದ್ದಂತೆ. ಅದನ್ನು ಕೋಳಿಯ ತೂಕಕ್ಕಾಗಿ ಕರಗಿಸಿಬಿಟ್ಟರೆ ಮಕ್ಕಳ ಪಾಲಿಗೆ ಏನೂ ಉಳಿಯದು.