ಎರಿ ಹೊಲದ ಓಟಗಾರ, ಆಫ್ರಿಕಾದ ಗುಡ್ಡ

ಜೇವರ್ಗಿ ಸುತ್ತ ಮಟ್ಟಸ ಎರಿ ಹೊಲ.
ಇಲ್ಲಿ ಓಡಿ ಬೆಳೆದವರು
ದಕ್ಷಿಣ ಆಫ್ರಿಕಾದ ಗುಡ್ಡ ಏರಬಹುದೇನ್ರಿ?

ಅಲ್ಲೊಂದು ಓಟ ಅದ, ಹೆಸರು ಕಾಮ್ರೇಡ್ಸ್ ಮ್ಯಾರಥಾನ್.
ಶುರುವಾಗಿದ್ದು 1921ರಾಗ,
ಮೊದಲ ಮಹಾಯುದ್ಧದಾಗ ಸತ್ತ ಸೈನಿಕರ ನೆನಪಿಗೆ.

ದೂರ? ಹತ್ರ ಹತ್ರ 90 ಕಿಲೋಮೀಟರ್.
ಅಂದ್ರ, ಜೇವರ್ಗಿಯಿಂದ ಕಲಬುರಗಿಗೆ ಓಡಿಹೋಗಿ,
ಕೂಡ್ರದೇ ವಾಪಸ್ ಓಡಿಬಂದಿದ್ದಕ್ಕಿಂತ ತುಸು ಹೆಚ್ಚು!
ಅದೂ 12 ತಾಸಿನ ಒಳಗ.
ಒಂದು ಸೆಕೆಂಡ್ ತಡ ಆದ್ರೂ ಪದಕ ಇಲ್ಲ.

ಒಂದು ತುದಿ ಡರ್ಬನ್, ಸಮುದ್ರದ ದಂಡಿ.
ಇನ್ನೊಂದು ತುದಿ ಎತ್ತರದಾಗಿನ ಪೀಟರ್‌ಮ್ಯಾರಿಟ್ಸ್‌ಬರ್ಗ್.
ಹೌದ್ರಿ, 1893ರಾಗ ಗಾಂಧೀಜಿನ ರೈಲಿನಿಂದ
ಹೊರಗ ಹಾಕಿದ್ದು ಇದೇ ಊರಾಗ.

ಸಾಮಾನ್ಯವಾಗಿ ಒಂದು ವರ್ಷ ಏರು ಓಟ,
ಮರು ವರ್ಷ ಇಳಿ ಓಟ.
ನಡುವ 5 ದೊಡ್ಡ ಗುಡ್ಡ.
ಏರು ಓಟದಾಗ ಕಡೀ ಗುಡ್ಡ, ಪಾಲಿ ಶಾರ್ಟ್ಸ್.
ಅದು ಎದುರಿಗೆ ಬರೋದು
ಸುಮಾರು 80 ಕಿಲೋಮೀಟರ್ ಓಡಿದ ಮ್ಯಾಲ!

ಇಳಿಯೋದು ಸಸಾರ ಅನ್ಕೋಬ್ಯಾಡ್ರಿ.
ಇಳಿಯುವಾಗ ತೊಡಿ ಸ್ನಾಯು
ಹಿಗ್ಗಿಕೋತನೇ ಬ್ರೇಕ್ ಹಾಕ್ತದ.
ಒಳಗ ಸಣ್ಣ ಸಣ್ಣ ಗಾಯ ಆಗ್ತಾವ.
ಅದಕ್ಕ ಮರುದಿನ ಮೆಟ್ಟಿಲು ಇಳಿಯೋದೂ ಕಷ್ಟ.

ಹಂಗಾದ್ರ ನಮ್ಮವರು ಏನ್ ಮಾಡ್ಬೇಕು?
ಬಿಸಿಲು ಏರೋದ್ರೊಳಗ
ಮಟ್ಟಸ ರಸ್ತೆದಾಗ ಓಡ್ರಿ, ದಮ್ಮು ಬೆಳಿತದ.
ಆಗಾಗ ಶಹಾಪುರದ ಗುಡ್ಡಕ್ಕ ಹೋಗ್ರಿ,
ಇಲ್ಲಾ ಯಾದಗಿರಿ ಕೋಟೆ ಏರ್ರಿ.
ಏರೋದಷ್ಟೇ ಅಲ್ಲ, ಇಳಿಯೋದೂ ರೂಢಿ ಮಾಡ್ರಿ.
ರೂಢಿಯಾದ ತೊಡಿಗೆ ಪೆಟ್ಟು ಕಡಿಮಿ.

ಇನ್ನೊಂದು ಮಾತು.
ಗೊತ್ತುಮಾಡಿದ ಟೈಮಿನಾಗ
42 ಕಿಲೋಮೀಟರ್ ಮ್ಯಾರಥಾನ್, ಇಲ್ಲಾ ಅದಕ್ಕಿಂತ ಉದ್ದನ ಓಟ ಮುಗಿಸಿದವರಿಗಷ್ಟೇ
ಕಾಮ್ರೇಡ್ಸ್‌ಗೆ ಪ್ರವೇಶ.
ಅದಕ್ಕ ಪಾಸ್‌ಪೋರ್ಟ್ ಆಮ್ಯಾಲ,
ಮೊದಲು ಆ 42 ಮುಗಿಸ್ರಿ!