ಒಳರಸ್ತೆಯ ಚೆಲುವು ಯಾರ ಪಾಲಿಗೆ?

ನನ್ನ ತಂಗಿಯ ಮಗ ಸಾಲ ಮಾಡಿ ಫೋರ್ ವೀಲ್ ಡ್ರೈವ್ ಜೀಪೊಂದನ್ನು ಕೊಂಡಾಗ ಮನೆಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಬೆಂಗಳೂರಿನ ವಾಹನದಟ್ಟಣೆಯಲ್ಲಿ ಇದನ್ನಿಟ್ಟುಕೊಂಡು ಮಾಡುವುದೇನು? ಅವನ ಬಳಿ ಉತ್ತರ ಸಿದ್ಧವಾಗಿತ್ತು. 'ಮಾವ, ಕೊಡಚಾದ್ರಿಗೆ ಹೋಗೋಣ. ಅಲ್ಲಿಯ ಜೀಪುದಾರಿ ನೋಡಿದ ಮೇಲೆ ಯಾರೂ ಹೀಗೆ ಕೇಳುವುದಿಲ್ಲ' ಎಂದ.

ಕೊಡಚಾದ್ರಿಯ ದಾರಿ ಗೊತ್ತಿದ್ದವರಿಗೆ ಅವನ ಆಸೆ ಅರ್ಥವಾದೀತು. ಸಮುದ್ರ ಮಟ್ಟದಿಂದ 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ನಿಟ್ಟೂರಿನ ಕಡೆಯಿಂದ ಹತ್ತುವ ಕೊನೆಯ ಕೆಲವು ಕಿಲೋಮೀಟರುಗಳನ್ನು ರಸ್ತೆ ಎನ್ನುವುದಕ್ಕಿಂತ ಬಂಡೆ, ಕೆಸರು, ಕೊರಕಲುಗಳ ಸಾಲು ಎನ್ನುವುದೇ ಸರಿ. ಆಫ್ ರೋಡ್ ಚಾಲನೆಯ ಹುಚ್ಚಿರುವವರಿಗೆ ಅದೊಂದು ಯಾತ್ರಾಸ್ಥಳ. ಆದರೆ ಆ ಕೆಲವು ಕಿಲೋಮೀಟರುಗಳಿಗಾಗಿ ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರ್ ಹೋಗಬೇಕು. ನಮ್ಮಿಬ್ಬರ ನಡುವೆ ತಕರಾರು ಹುಟ್ಟಿದ್ದು ಬೆಟ್ಟದ ಬಗ್ಗೆ ಅಲ್ಲ, ಈ ನಾನೂರರ ಬಗ್ಗೆ.

ಅವನ ಮೊಬೈಲು ತೋರಿಸಿದ್ದು ಹೆದ್ದಾರಿಯನ್ನು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ ದಾಟಿ ಶಿವಮೊಗ್ಗ. ಅಲ್ಲಿಂದ ಹೊಸನಗರ, ನಗರ, ನಿಟ್ಟೂರು. ಬೆಳಗಿನ ಜಾವ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಬೆಟ್ಟದ ಬುಡದಲ್ಲಿರಬಹುದು. ನನಗೆ ಬೇಕಿದ್ದುದು ಒಳರಸ್ತೆ. ಶಿವಮೊಗ್ಗದವರೆಗೆ ಬೇರೆ ಗತಿಯಿಲ್ಲ, ಒಪ್ಪಿದೆ. ಅಲ್ಲಿಂದ ಮುಂದೆ ಎರಡು ಆಯ್ಕೆಗಳಿದ್ದವು. ಒಂದು, ತುಂಗೆಯ ಜೊತೆಜೊತೆಗೇ ಸಾಗುವ ತೀರ್ಥಹಳ್ಳಿ ರಸ್ತೆ. ಸಕ್ರೆಬೈಲಿನ ಆನೆ ಬಿಡಾರ, ನದಿಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಮಂಡಗದ್ದೆ ಇವೆಲ್ಲ ಅದೇ ದಾರಿಯಲ್ಲಿವೆ. ತೀರ್ಥಹಳ್ಳಿಯಿಂದ ಕವಲೇದುರ್ಗದ ಆಸುಪಾಸಿನ ಕಾಡು ಹಾದು ನಗರ ಸೇರಬಹುದು. ಇನ್ನೊಂದು, ಸಾಗರದ ಮೇಲೆ ಹೋಗಿ ಶರಾವತಿಯ ಹಿನ್ನೀರನ್ನು ದಾಟಿ, ತುಮರಿಯ ಮೂಲಕ ಕೊಲ್ಲೂರು ರಸ್ತೆಗೆ ಬರುವುದು. ನಾನು ಪಟ್ಟು ಹಿಡಿದದ್ದು ಈ ಎರಡನೆಯದಕ್ಕೆ. ಅದಕ್ಕೊಂದು ಹಳೆಯ ಕಾರಣವಿತ್ತು.

2008ರ ನವೆಂಬರಿನಲ್ಲಿ ಇಬ್ಬರು ಗೆಳೆಯರೊಂದಿಗೆ ಕೊಡಚಾದ್ರಿಗೆ ಹೋಗಿದ್ದೆ. ಮರಳುವಾಗ ಬಂದ ದಾರಿಯನ್ನೇ ಹಿಡಿಯುವುದು ಬೇಡವೆಂದು ಒಳಗೊಳಗೇ ತುಮರಿಗೆ ಬಂದು, ಕಳಸವಳ್ಳಿಯ ದಡದಲ್ಲಿ ಲಾಂಚಿಗಾಗಿ ಕಾದೆವು. ಲಾಂಚು ಆಚೆ ದಡದ ಅಂಬಾರಗೊಡ್ಲಿನಲ್ಲಿತ್ತು. ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ಹಿನ್ನೀರಿನ ನಡುನಡುವೆ ಕಾಡು ಹೊದ್ದ ದಿಬ್ಬಗಳು, ಅಲ್ಲಲ್ಲಿ ತಲೆಯೆತ್ತಿ ನಿಂತ ಸತ್ತ ಮರಗಳ ಬೊಡ್ಡೆಗಳು. ಲಾಂಚು ಬೇಗ ಬಾರದಿರಲಿ ಎಂದೇ ಅನ್ನಿಸುತ್ತಿತ್ತು. ನಾನು ಒಂದಾದ ಮೇಲೊಂದು ಫೋಟೊ ತೆಗೆಯುತ್ತಿದ್ದೆ.

ನಮ್ಮ ಹಿಂದೆ ಒಂದು ಹಳೆಯ ಜೀಪು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಒಬ್ಬ ವೃದ್ಧರನ್ನು ಮಲಗಿಸಿದ್ದರು. ಬೆಳಗಿನಿಂದ ಎದೆನೋವು, ಸಾಗರದ ಆಸ್ಪತ್ರೆಗೆ ಒಯ್ಯಬೇಕು ಎಂದರು. ಅವರ ಹೆಂಡತಿ ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಮಗನೋ ಅಳಿಯನೋ, ಒಬ್ಬ ಯುವಕ ದಡದ ಅಂಚಿಗೆ ಹೋಗಿ ಆಚೆ ನೋಡುವುದು, ಮತ್ತೆ ಜೀಪಿನ ಬಳಿಗೆ ಬರುವುದು, ಹೀಗೆ ಓಡಾಡುತ್ತಿದ್ದ. ಅವನಿಗೆ ಸಮಾಧಾನ ಹೇಳುವ ಧಾಟಿಯಲ್ಲಿ ನಾನು, 'ಲಾಂಚು ಹೊರಟಿರಬೇಕು, ಬಂದುಬಿಡುತ್ತದೆ. ನಾವೂ ಮುಕ್ಕಾಲು ಗಂಟೆಯಿಂದ ಕಾಯುತ್ತಿದ್ದೇವೆ' ಎಂದೆ. ಅವನು ಸಿಟ್ಟಾಗಲಿಲ್ಲ. 'ನೀವು ಒಂದು ಸಲ ಕಾಯ್ತೀರಿ ಮಾರಾಯ್ರೆ. ನಮ್ದು ದಿನಾ ಇದೇ' ಎಂದಷ್ಟೇ ಹೇಳಿದ.

ಲಾಂಚು ಬಂತು. ಅವರ ಜೀಪನ್ನು ಮೊದಲು ಹತ್ತಿಸಿದರು. ಆಚೆ ದಡದಲ್ಲಿ ಇಳಿದು ಸಾಗರದತ್ತ ಧಾವಿಸಿದ ಆ ಜೀಪಿನಲ್ಲಿದ್ದವರು ಏನಾದರೋ ನನಗೆ ತಿಳಿಯಲಿಲ್ಲ. ಊರಿಗೆ ಬಂದು ಫೋಟೊಗಳನ್ನು ನೋಡುವಾಗ ಒಂದರ ಮೂಲೆಯಲ್ಲಿ ಅದೇ ಜೀಪು, ತೆರೆದ ಬಾಗಿಲು, ಸೆರಗು ಹಿಡಿದ ಕೈ. ನಾನು ಸೂರ್ಯಾಸ್ತಕ್ಕೆಂದು ತೆಗೆದ ಚಿತ್ರವದು.

ಆ ಚೆಲುವಾದ ನೀರು ಅಲ್ಲಿಗೆ ತಾನಾಗಿ ಬಂದದ್ದಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದುನಿಂತದ್ದು 1964ರಲ್ಲಿ. 151 ಟಿಎಂಸಿ ಅಡಿ ನೀರು ಹಿಡಿಯುವ ಆ ಜಲಾಶಯಕ್ಕಾಗಿ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು, ಗದ್ದೆ, ತೋಟಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಅದರಲ್ಲಿ ಮುಳುಗಿಹೋಯಿತು; ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಇಂದಿಗೂ ಮೇಲೆದ್ದು ಕಾಣುತ್ತದೆ. 'ಮುಳುಗಡೆ' ಎಂಬ ಪದಕ್ಕೆ ಮಲೆನಾಡಿನಲ್ಲಿ ಬೇರೆ ವಿವರಣೆ ಬೇಕಿಲ್ಲ. ಜಮೀನು ಕಳೆದುಕೊಂಡವರು ಚದುರಿಹೋದರು. ಉಳಿದವರು ನೀರಿನ ಆಚೆ ಉಳಿದರು. ತುಮರಿಯ ಸುತ್ತಲಿನ ಹಳ್ಳಿಗಳು ನಕಾಶೆಯ ಪ್ರಕಾರ ಪೂರ್ತಿ ದ್ವೀಪವಲ್ಲ. ಆದರೆ ತಾಲ್ಲೂಕು ಕೇಂದ್ರದ ಪಾಲಿಗೆ ಅವು ದ್ವೀಪವೇ. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಸಾಗರ ಮುಟ್ಟಬೇಕೆಂದರೆ ನಿಟ್ಟೂರು, ನಗರ, ಹೊಸನಗರಗಳನ್ನು ಸುತ್ತಿ ಬರಬೇಕಿತ್ತು. ನಾಡಿಗೆಲ್ಲ ಬೆಳಕು ಕೊಟ್ಟ ನೀರು ಆ ಜನರಿಗೆ ಕೊಟ್ಟದ್ದು ಕಾಯುವ ಕೆಲಸವನ್ನು.

ಅವರು ದಶಕಗಳ ಕಾಲ ಕೇಳಿದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಂಬಾರಗೊಡ್ಲು, ಕಳಸವಳ್ಳಿಗಳ ನಡುವೆ, ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದದ ತೂಗುಕೇಬಲ್ಲಿನ ಸೇತುವೆ. ಆ ಸುದ್ದಿ ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದೇನು ಎಂಬುದನ್ನು ಇಲ್ಲಿ ಮುಚ್ಚಿಡದೆ ಹೇಳಿಬಿಡಬೇಕು. 'ಅಯ್ಯೋ, ಇನ್ನು ಆ ಲಾಂಚಿನ ಪ್ರಯಾಣ ಇಲ್ಲವಲ್ಲ!' ಆ ಯುವಕನ ಮಾತು ನೆನಪಾದದ್ದು ಆಮೇಲೆ. ಹದಿನೇಳು ವರ್ಷ ಅದನ್ನು ಮರೆಯದೆ ಇಟ್ಟುಕೊಂಡಿದ್ದೂ ನನ್ನ ಮೊದಲ ಭಾವನೆ ಹೀಗಿತ್ತಲ್ಲ ಎಂದು ನಾಚಿಕೆಯಾಯಿತು. ತುಮರಿಯ ಮೇಲೆಯೇ ಹೋಗೋಣವೆಂದು ನಾನು ಹಟ ಹಿಡಿದದ್ದು ಇದಕ್ಕಾಗಿ.

2025ರ ಡಿಸೆಂಬರಿನಲ್ಲಿ ನಾವು ಹೊರಟೆವು. ಸಾಗರದಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಸೇತುವೆಗೆ ಬಂದಾಗ ಹಿನ್ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ದಾಟಲು ಹಿಡಿದದ್ದು ಕೆಲವೇ ನಿಮಿಷ. ನಮ್ಮ ಮುಂದೆ ಅಡಿಕೆಯ ಮೂಟೆ ಹೇರಿದ ಒಂದು ವಾಹನ, ಎದುರಿನಿಂದ ಶಾಲೆಯ ಮಕ್ಕಳಿದ್ದ ಒಂದು ವ್ಯಾನು. ಯಾರೂ ಕಾಯುತ್ತಿರಲಿಲ್ಲ. ಸೋದರಳಿಯ ಫೋಟೊಗೆಂದು ನಿಲ್ಲಿಸಲು ಹೋದ. ಬೇಡ, ಆಚೆ ದಡ ಸೇರಿ ನೋಡೋಣ ಎಂದೆ.

ಚೆಲುವು ಕಡಿಮೆಯಾಗಿತ್ತೇ? ಇಲ್ಲ. ಸೇತುವೆ ದಾಟಿ ಒಳಗೆ ಹೋದಂತೆ ರಸ್ತೆ ಕಿರಿದಾಗುತ್ತ ಹೋಯಿತು. ಎರಡೂ ಕಡೆ ದರೆ, ದರೆಯ ಮೇಲೆ ಕಾಡು, ತಿರುವಿನಾಚೆ ಇದ್ದಕ್ಕಿದ್ದಂತೆ ತೆರೆದುಕೊಳ್ಳುವ ಗದ್ದೆಬಯಲು. ಮನೆಯಂಗಳಗಳಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ. ಒಂದು ತಿರುವಿನಲ್ಲಿ ಬಸ್ಸು ಎದುರಾಯಿತು. ಜೀಪಿನ ಬಲದ ಮೇಲೆ ಭರವಸೆಯಿಟ್ಟಿದ್ದ ನಮ್ಮ ಹುಡುಗ ದರೆಯಂಚಿನ ಹುಲ್ಲಿನ ಮೇಲೆ ಹತ್ತಿಸಿ ದಾರಿ ಮಾಡಲು ಹೊರಟ. ಕಂಡಕ್ಟರ್ ಕೆಳಗಿಳಿದು ಕೈಯೆತ್ತಿ ತಡೆದ. ಆ ಹುಲ್ಲಿನ ಕೆಳಗೆ ತೋಟಕ್ಕೆ ನೀರೊಯ್ಯುವ ಕಾಲುವೆಯಿತ್ತು. ನಾವು ಅರ್ಧ ಫರ್ಲಾಂಗು ಹಿಂದಕ್ಕೆ ಬಂದು ಬಸ್ಸಿಗೆ ದಾರಿ ಬಿಟ್ಟೆವು. ಬಸ್ಸಿನ ಕಿಟಕಿಯಿಂದ ಒಬ್ಬ ಅಜ್ಜಿ ನಮ್ಮತ್ತ ನೋಡಿ ನಕ್ಕರು. ಆ ದಾರಿಯಲ್ಲಿ ನಾವು ನೆಂಟರು, ಅವರು ಮನೆಯವರು ಎಂಬುದು ಅಷ್ಟರಿಂದಲೇ ತಿಳಿಯಿತು.

ಬೆಟ್ಟದ ಬುಡದಲ್ಲಿ ನಾವು ಉಳಿದುಕೊಂಡ ಮನೆಯ ಯಜಮಾನರು, 'ನಿಮ್ಮ ಗಾಡಿ ಇಲ್ಲಿರಲಿ, ಸ್ಥಳೀಯರ ಜೀಪಿನಲ್ಲಿ ಹೋಗಿಬನ್ನಿ' ಎಂದರು. ಸೋದರಳಿಯನ ಮುಖ ಬಾಡಿತು. ಇದಕ್ಕೆಂದೇ ಇಷ್ಟು ದೂರ ಬಂದವನಲ್ಲವೇ ಅವನು! ಆದರೆ ಮೇಲೆ ಹತ್ತುವಾಗ ಅವನು ಚಾಲಕನ ಪಕ್ಕದ ಸೀಟಿನಲ್ಲಿ ಕುಳಿತು ಪಾಠ ಕೇಳುವ ವಿದ್ಯಾರ್ಥಿಯಾಗಿಬಿಟ್ಟ. ಆ ಚಾಲಕ ಎಲ್ಲಿಯೂ ಎಂಜಿನ್ನನ್ನು ಗುಡುಗಿಸಲಿಲ್ಲ. ಮೊದಲ ಗೇರಿನಲ್ಲಿ, ನಡೆಯುವವನ ವೇಗದಲ್ಲಿ, ಯಾವ ಬಂಡೆಯ ಮೇಲೆ ಯಾವ ಚಕ್ರ ಎಂದು ಮೊದಲೇ ಲೆಕ್ಕ ಹಾಕಿದವನಂತೆ ಹತ್ತಿಸಿದ. ಒಂದು ಕಡೆ ದಾರಿಯ ನಡುವೆ ಕೆಸರಿನ ಹೊಂಡವಿತ್ತು. ಪಕ್ಕದಲ್ಲಿ ಸಮತಟ್ಟಾದ ಹುಲ್ಲು. 'ಹುಲ್ಲಿನ ಮೇಲೆ ಹೋದರೆ ಸುಲಭವಲ್ಲವೇ?' ಎಂದು ಇವನು ಕೇಳಿದ. 'ಇವತ್ತು ಸುಲಭ. ಒಂದು ಗಾಡಿ ಹೋದ್ರೆ ಅದರ ಹಿಂದೆ ಹತ್ತು ಹೋಗ್ತವೆ. ಮಳೆಗಾಲದಲ್ಲಿ ನೀರು ಅದೇ ಚಕ್ರದ ಗುರುತು ಹಿಡಿದು ಹರೀತದೆ. ಮುಂದಿನ ವರ್ಷ ಅಲ್ಲೊಂದು ಕೊರಕಲು' ಎಂದ ಆತ, ಹೊಂಡದೊಳಗೇ ಜೀಪು ಇಳಿಸಿ ಆಚೆ ಹತ್ತಿಸಿದ.

ಆಫ್ ರೋಡ್ ಎಂಬ ಮಾತನ್ನು ನಾವು ತಪ್ಪಾಗಿ ತಿಳಿದಿದ್ದೇವೆ ಎಂದು ನನಗೆ ಅನ್ನಿಸಿದ್ದು ಆಗ. ಅದು ದಾರಿ ಬಿಟ್ಟು ಹೋಗುವುದಲ್ಲ; ಕೆಟ್ಟ ದಾರಿಯನ್ನೂ ಬಿಡದೆ ಹೋಗುವುದು. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿ ಧಾಮದಲ್ಲಿ. ಮುಂಗಾರಿನ ಮಳೆ ಎಡೆಬಿಡದೆ ಸುರಿಯುವ ಆ ಎತ್ತರದಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದೇ ಹುಲ್ಲಿನ ಬೇರು. ಅದನ್ನು ಒಮ್ಮೆ ಹರಿದರೆ ಮತ್ತೆ ಹೊಲಿಯುವವರಿಲ್ಲ. ಶಂಕರಾಚಾರ್ಯರ ಹೆಸರಿನ ಸರ್ವಜ್ಞ ಪೀಠದ ಕಲ್ಲಿನ ಮಂಟಪದ ಬಳಿ ಕುಳಿತು, ಒಂದು ಕಡೆ ಕರಾವಳಿಯನ್ನೂ ಇನ್ನೊಂದು ಕಡೆ ಕಾಡನ್ನೂ ನೋಡುವಾಗ, ಸ್ವಂತ ಗಾಡಿಯನ್ನು ಕೆಳಗೆ ಬಿಟ್ಟು ಬಂದ ಕೊರಗು ಅವನಲ್ಲಿ ಉಳಿದಿರಲಿಲ್ಲ.

ಮರಳುವಾಗ ನಗರದ ಕೋಟೆಯ ಬಳಿ ನಿಂತೆವು. ಕೆಳದಿಯ ನಾಯಕರ ರಾಜಧಾನಿಯಾಗಿ ಬಿದನೂರು ಎಂದು ಮೆರೆದ ಊರು ಅದು. ಕರಾವಳಿಗೂ ಘಟ್ಟದ ಮೇಲಿನ ಸೀಮೆಗೂ ನಡುವಿನ ವ್ಯಾಪಾರ ಅದರ ಸಿರಿವಂತಿಕೆಗೆ ಆಧಾರ. 1763ರಲ್ಲಿ ಹೈದರಾಲಿ ಅದನ್ನು ವಶಪಡಿಸಿಕೊಂಡು ಹೈದರ್‌ನಗರ ಎಂದು ಕರೆದ. ಆ ಹೆಸರಿನಲ್ಲಿ ಇಂದು ಉಳಿದಿರುವುದು 'ನಗರ' ಮಾತ್ರ. ಇಂದು ನಾವು ಒಳರಸ್ತೆ ಎಂದು ಹುಡುಕಿಕೊಂಡು ಬರುವ ದಾರಿಗಳು ಅಂದು ಮೆಣಸು, ಅಡಿಕೆ, ಉಪ್ಪು ಹೇರಿದ ಎತ್ತುಗಳು ಸಾಗಿದ ಹೆದ್ದಾರಿಗಳು. ಯಾವ ದಾರಿಯೂ ಹುಟ್ಟಿನಿಂದ ಒಳದಾರಿಯಲ್ಲ. ವ್ಯಾಪಾರ ಬೇರೆ ಕಡೆ ತಿರುಗಿದಾಗ, ಇಲ್ಲವೇ ನೀರು ಅಡ್ಡ ನಿಂತಾಗ ಅದು ಒಳದಾರಿಯಾಗುತ್ತದೆ.

ಹಾಗೆಂದು ಒಳರಸ್ತೆಯನ್ನು ಆರಿಸಿಕೊಳ್ಳಬಾರದೇ? ಖಂಡಿತ ಆರಿಸಿಕೊಳ್ಳಬೇಕು. ಹೆದ್ದಾರಿಯಲ್ಲಿ ಎಲ್ಲ ಊರುಗಳೂ ಒಂದೇ ಹೋಟೆಲು, ಒಂದೇ ಪೆಟ್ರೋಲ್ ಬಂಕು. ಒಳರಸ್ತೆಯಲ್ಲಿ ಪ್ರತಿ ಊರಿಗೂ ಅದರದೇ ಮುಖವಿದೆ. ಆದರೆ ಆಯ್ಕೆಗೆ ಕೆಲವು ನಿಯಮಗಳನ್ನು ನಾವೇ ಹಾಕಿಕೊಳ್ಳಬೇಕು. ಮಲೆನಾಡಿಗಾದರೆ ಮಳೆ ನಿಂತು ಮಣ್ಣು ಗಟ್ಟಿಯಾದ ಮೇಲೆ ಹೊರಡುವುದು ಒಳ್ಳೆಯದು. ಹೆದ್ದಾರಿ ಬಿಡುವ ಮುನ್ನವೇ ಪೆಟ್ರೋಲು ತುಂಬಿಸಿಕೊಂಡಿರಬೇಕು. ಮೊಬೈಲಿಗೆ ಸಂಕೇತ ಸಿಗದ ಕಡೆ ನಕಾಶೆಯ ಒಂದು ಪ್ರತಿ ಜೇಬಿನಲ್ಲಿರಲಿ. ಅದಕ್ಕಿಂತ ಮಿಗಿಲಾಗಿ, ನಿಲ್ಲಿಸಿ ದಾರಿ ಕೇಳುವ ಸೌಜನ್ಯವಿರಲಿ. ಅರಣ್ಯದ ದಾರಿಯಾದರೆ ಇಲಾಖೆಯ ಅಂದಿನ ನಿಯಮಗಳನ್ನು ವಿಚಾರಿಸಿಯೇ ಹೊರಡಬೇಕು. ಕತ್ತಲಾಗುವ ಮುನ್ನ ತಲುಪುವಂತೆ ಲೆಕ್ಕ ಹಾಕಬೇಕು. ಏರು ಹತ್ತುತ್ತಿರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು. ಊಟ, ತಿಂಡಿ, ವಸತಿ, ಜೀಪು ಎಲ್ಲಕ್ಕೂ ಆ ಊರಿನವರನ್ನೇ ನೆಚ್ಚಿದರೆ ನಮ್ಮ ಸುಖದ ಒಂದಿಷ್ಟು ಪಾಲು ಅವರಿಗೂ ಸಲ್ಲುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ರಸ್ತೆ ಹಾಗೆಯೇ ಕಿರಿದಾಗಿ, ಹಳತಾಗಿ ಉಳಿಯಲಿ ಎಂದು ಬಯಸುವ ಹಕ್ಕು ವರ್ಷಕ್ಕೊಮ್ಮೆ ಹೋಗಿಬರುವ ನಮಗಿಲ್ಲ. ಬೇಕಿಲ್ಲದ ಕಡೆ ಕಾಡು ಕಡಿದು ಅಗಲಿಸುವ ರಸ್ತೆಗಳ ಬಗ್ಗೆ ಪ್ರಶ್ನೆ ಎತ್ತಲೇಬೇಕು. ಆದರೆ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಸೇತುವೆಯನ್ನು ನಮ್ಮ ಸೂರ್ಯಾಸ್ತಕ್ಕೆ ಅಡ್ಡಿಯೆಂದು ಎಣಿಸುವುದು ಬೇರೆ ಮಾತು.

ಊರಿಗೆ ಬಂದ ಮೇಲೆ 2008ರ ಆ ಫೋಟೊವನ್ನು ಹುಡುಕಿ ಸೋದರಳಿಯನಿಗೆ ತೋರಿಸಿದೆ. ಅವನು ಮೊದಲು ನೀರನ್ನು ನೋಡಿ, 'ಎಷ್ಟು ಚೆನ್ನಾಗಿದೆ ಮಾವ' ಎಂದ. ಆಮೇಲೆ ಮೂಲೆಯ ಮೇಲೆ ಬೆರಳಿಟ್ಟು ಕೇಳಿದ: 'ಈ ಜೀಪಿನಲ್ಲಿದ್ದವರು ಯಾರು?'