ಕೇಬಲ್ಲೋ ವೈಫೈಯೋ? ಸಂದರ್ಶನಕ್ಕೆ ಕೂರುವ ಮುನ್ನ



ಅಮಾನತ್ತಿನ ಕುರಿತು ಜುಮಾ ಖುತ್ಬಾ ಮಾಡಿದ ದಿನ, ನಮಾಝ್ ಮುಗಿದ ಮೇಲೆ ಒಬ್ಬರು ಸಹೋದರರು ಬಂದು ಪಕ್ಕದಲ್ಲಿ ಕುಳಿತರು. "ಹಝ್ರತ್, ಮಗಳಿಗೆ ಆನ್‌ಲೈನ್ ಸಂದರ್ಶನ ಇತ್ತು. ಮಾತಿನ ನಡುವೆ ಎರಡು ಸಲ ವಿಡಿಯೋ ನಿಂತುಹೋಯಿತು. ಪಾಪ, ರಾತ್ರಿ ಊಟ ಮಾಡಲಿಲ್ಲ. ಈಗ ಇನ್ನೊಂದು ಕಂಪನಿಯವರು ಕರೆದಿದ್ದಾರೆ. ಕೇಬಲ್ ತಂದು ಹಾಕಿದ್ದೇನೆ, ಆದರೆ ಲ್ಯಾಪ್‌ಟಾಪ್ ಯಾವುದರಲ್ಲಿ ನಡೆಯುತ್ತಿದೆ ಎಂದೇ ತಿಳಿಯುತ್ತಿಲ್ಲ" ಎಂದರು. ಅಸರ್ ನಂತರ ಅವರ ಮನೆಗೆ ಹೋದೆ. ಅಲ್ಲಿ ಹೇಳಿದ್ದನ್ನು ನಿಮಗೂ ಬರೆಯುತ್ತಿದ್ದೇನೆ. ಏಕೆಂದರೆ ಈಗ ಪರೀಕ್ಷೆ, ಸಂದರ್ಶನ, ಗಲ್ಫಿನಲ್ಲಿರುವವರ ಜೊತೆ ಮಾತುಕತೆ ಎಲ್ಲವೂ ಮನೆಯೊಳಗೇ ನಡೆಯುತ್ತಿದೆ.

ಮೊದಲು, ವೈಫೈ ಏಕೆ ಕೈಕೊಡುತ್ತದೆ? ಅದು ರೇಡಿಯೋ ಅಲೆ. ರೌಟರ್ ಹಾಲ್‌ನಲ್ಲಿದ್ದು ಮಗು ಒಳಕೋಣೆಯಲ್ಲಿ ಕುಳಿತರೆ ನಡುವಿನ ಗೋಡೆಗಳು ಅಲೆಯನ್ನು ಕುಗ್ಗಿಸುತ್ತವೆ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈ, ಅಡುಗೆಮನೆಯ ಮೈಕ್ರೋವೇವ್ ಅದಕ್ಕೆ ಅಡ್ಡ ಬರುತ್ತವೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಕೇಬಲ್ಲಿಗೆ ಈ ತೊಂದರೆಗಳಿಲ್ಲ. ಕ್ಯಾಟ್ 5ಇ ಎಂದು ಬರೆದಿರುವ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗ ಕೊಡಬಲ್ಲದು. ವಿಡಿಯೋ ಕರೆಗೆ ಅಷ್ಟೊಂದು ವೇಗ ಬೇಡ, ಕಡಿಯದೆ ನಡೆಯುವ ಸಂಪರ್ಕ ಬೇಕು.

ಕೇಬಲ್ ಹಾಕುವಾಗ 'ಟಕ್' ಎಂಬ ಸದ್ದು ಕೇಳಬೇಕು. ತೂತಿನ ಪಕ್ಕದ ಸಣ್ಣ ದೀಪ ಉರಿಯಬೇಕು. ತೆಳ್ಳನೆಯ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೇಬಲ್ಲಿನ ತೂತೇ ಇರುವುದಿಲ್ಲ. ಅದಕ್ಕೆ ಯುಎಸ್‌ಬಿಗೆ ಸಿಕ್ಕಿಸುವ ಅಡಾಪ್ಟರ್ ಸಿಗುತ್ತದೆ. ವಿಂಡೋಸ್‌ನಲ್ಲಿ ಬಲಮೂಲೆಯ ಚಿಹ್ನೆ ನೋಡಿ: ಬೀಸಣಿಗೆಯ ಆಕಾರವಿದ್ದರೆ ವೈಫೈ, ಪುಟ್ಟ ಕಂಪ್ಯೂಟರ್ ಆಕಾರವಿದ್ದರೆ ಕೇಬಲ್.

ಎರಡೂ ಇದ್ದರೆ ಲ್ಯಾಪ್‌ಟಾಪ್ ಯಾವುದನ್ನು ಬಳಸುತ್ತದೆ? ವಿಂಡೋಸ್ ಪ್ರತಿ ಸಂಪರ್ಕಕ್ಕೂ ಮೆಟ್ರಿಕ್ ಎಂಬ ಸಂಖ್ಯೆ ಕೊಡುತ್ತದೆ. ಸಂಖ್ಯೆ ಕಡಿಮೆಯಿದ್ದದ್ದು ಮುಂದೆ. ಸಾಮಾನ್ಯವಾಗಿ ಕೇಬಲ್ಲೇ ಗೆಲ್ಲುತ್ತದೆ. ಆದರೆ ಕೇಬಲ್ ಹಳೆಯದಾಗಿ, ಒಳಗಿನ ಎಂಟು ಎಳೆಗಳಲ್ಲಿ ಕೆಲವು ಕೆಟ್ಟಿದ್ದರೆ ವೇಗ 100 ಮೆಗಾಬಿಟ್‌ಗೆ ಇಳಿಯುತ್ತದೆ. ಆಗ ವೇಗದ ವೈಫೈಗೆ ಆದ್ಯತೆ ಹೋಗುವುದೂ ಉಂಟು. ಆ ಮನೆಯಲ್ಲೂ ಯಾರೋ ಕೊಟ್ಟ ಹಳೆಯ ಕೇಬಲ್ ಇತ್ತು. ಆದ್ದರಿಂದ ಮುಖ್ಯ ಕೆಲಸವಿದ್ದಾಗ ಅನುಮಾನ ಇಟ್ಟುಕೊಳ್ಳಬೇಡಿ, ವೈಫೈ ಆಫ್ ಮಾಡಿಬಿಡಿ. ಏರೋಪ್ಲೇನ್ ಮೋಡ್ ಒತ್ತಬೇಡಿ, ಅದರಿಂದ ಬ್ಲೂಟೂತ್ ಇಯರ್‌ಫೋನ್ ಕೂಡ ಬಂದ್ ಆಗಬಹುದು. ವೈಫೈ ಗುಂಡಿಯೊಂದನ್ನೇ ಒತ್ತಿ. ಮ್ಯಾಕ್ ಲ್ಯಾಪ್‌ಟಾಪ್ ಇದ್ದವರು ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ 'ಸರ್ವಿಸ್ ಆರ್ಡರ್' ತೆರೆದು ಈಥರ್ನೆಟ್ಟನ್ನು ಮೇಲಕ್ಕೆ ಎಳೆದಿಡಬಹುದು.

ಈ ಬದಲಾವಣೆಯನ್ನು ಕರೆ ಆರಂಭವಾಗುವ ಮೊದಲೇ ಮಾಡಿ. ಕೇಬಲ್ಲಿಗೂ ವೈಫೈಗೂ ರೌಟರ್ ಬೇರೆ ಬೇರೆ ವಿಳಾಸ ಕೊಟ್ಟಿರುತ್ತದೆ. ನಡುವೆ ಒಂದರಿಂದ ಇನ್ನೊಂದಕ್ಕೆ ಹೋದರೆ ಮಾತು ಕೆಲವು ಕ್ಷಣವಾದರೂ ಕಡಿಯುತ್ತದೆ. ಕೆಲಸ ಮುಗಿದ ಮೇಲೆ ಮೊದಲು ವೈಫೈ ಆನ್ ಮಾಡಿ, ಆಮೇಲೆ ಕೇಬಲ್ ತೆಗೆಯಿರಿ. ಇದನ್ನು ಮರೆತರೆ ಮರುದಿನ "ಇಂಟರ್‌ನೆಟ್ ಹೋಗಿದೆ" ಎಂಬ ಗಲಾಟೆ.

ಇನ್ನೊಂದು ಮಾತು. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ರೌಟರ್ ಆರಿಹೋಗುತ್ತದೆ. ರೌಟರನ್ನು ಇನ್ವರ್ಟರ್ ಅಥವಾ ಯುಪಿಎಸ್‌ಗೆ ಸೇರಿಸಿ. ಮೊಬೈಲ್ ಹಾಟ್‌ಸ್ಪಾಟನ್ನೂ ಹಿಂದಿನ ದಿನವೇ ಒಮ್ಮೆ ಜೋಡಿಸಿ ನೋಡಿ.

ಆ ಲ್ಯಾಪ್‌ಟಾಪಿನಲ್ಲಿ ನಾನು ಮತ್ತೊಂದನ್ನು ಗಮನಿಸಿದೆ. ಮನೆಯ ವೈಫೈ ದುರ್ಬಲವಾದಾಗ ಅದು ತಾನಾಗಿ ನೆರೆಮನೆಯ ವೈಫೈಗೆ ಸೇರಿಕೊಳ್ಳುತ್ತಿತ್ತು. ಎಂದೋ ಮದುವೆಯ ದಿನ ನೆರೆಯವರು ಕೊಟ್ಟ ಪಾಸ್‌ವರ್ಡ್ ಅದರಲ್ಲಿ ಉಳಿದಿತ್ತು. ಮನೆಯವರಿಗೆ ಇದು ಗೊತ್ತೇ ಇರಲಿಲ್ಲ. ಒಂದು ದಿನಕ್ಕೆ ಕೊಟ್ಟ ಅನುಮತಿ ಸದಾಕಾಲದ ಅನುಮತಿಯಲ್ಲ. ನೆರೆಯವರು ಹಣ ಕೊಟ್ಟು ಪಡೆದದ್ದು ಅವರ ಹಕ್ಕು. ಆ ಹೆಸರಿನ ಮೇಲೆ ಒತ್ತಿ 'ಫರ್ಗೆಟ್' ಮಾಡಿದರೆ ಅಳಿಯುತ್ತದೆ. ಬೇಕಾದಾಗ ಮತ್ತೆ ಕೇಳಿ ಪಡೆಯಿರಿ. ಅಮಾನತ್ತು ಎಂದರೆ ತಿಜೋರಿಯ ಹಣ ಮಾತ್ರವಲ್ಲ.

ಆ ಮನೆಯವರು ಹೊಸ ಕೇಬಲ್ ತಂದರು. ಮಗಳು ಹಿಂದಿನ ರಾತ್ರಿಯೇ ಎಲ್ಲವನ್ನೂ ಪರೀಕ್ಷಿಸಿ ಮಲಗಿದಳು. ಸಂದರ್ಶನ ಒಮ್ಮೆಯೂ ಕಡಿಯದೆ ಮುಗಿಯಿತು, ಅಲ್‌ಹಮ್ದುಲಿಲ್ಲಾಹ್. ಕೆಲಸ ಸಿಗುವುದು ಬಿಡುವುದು ಅಲ್ಲಾಹನ ಕೈಯಲ್ಲಿದೆ. ಆದರೆ ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂಬ ಪಾಠ ನಮಗೆಲ್ಲ ಗೊತ್ತಿರುವುದೇ. ನಮ್ಮ ಕೈಲಾಗುವ ಸಿದ್ಧತೆಯನ್ನು ನಾವು ಮಾಡೋಣ. ನಮ್ಮ ಮಕ್ಕಳ ಶ್ರಮ ಒಂದು ಹಳೆಯ ತಂತಿಯ ದೆಸೆಯಿಂದ ವ್ಯರ್ಥವಾಗದಿರಲಿ. ಆಮೀನ್.